ಹನ್ನೊಂದರ ಹಿಂದಿನ ಹತ್ತು

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಎಷ್ಟೋ ಸಭೆಗಳಲ್ಲಿ ಒಂದು ತಟ್ಟೆ ಕೈಯಿಂದ ಕೈಗೆ ಸಾಗುತ್ತದೆ. ತಟ್ಟೆಯ ತುಂಬ ಚೀಟಿಗಳು, ಒಂದೊಂದರಲ್ಲೂ ಬೈಬಲಿನ ಒಂದೊಂದು ವಚನ. ಯಾರ ಕೈಗೆ ಯಾವುದು ಬಂತೋ ಅದೇ ಅವರಿಗೆ ಆ ವರ್ಷದ ವಾಗ್ದಾನ. ಬೆಳಗಾದರೆ ಅದು ಪರ್ಸಿನೊಳಗೋ ಆಟೊದ ಕನ್ನಡಿಯ ಪಕ್ಕದಲ್ಲೋ ಜಾಗ ಹಿಡಿಯುತ್ತದೆ. ಈ ರೂಢಿಯಲ್ಲಿ ನಗುವಂಥದ್ದೇನಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕಳೆಯುವವರಿಗೆ ಒಂದು ಚೀಟಿಯೇ ಆಸರೆಯಾದದ್ದುಂಟು. ಆದರೆ ಚೀಟಿಗೆ ಬರುವ ಮುಂಚೆ ಆ ವಚನ ಎಲ್ಲಿತ್ತು ಎಂಬ ಪ್ರಶ್ನೆ ವರ್ಷ ತುಂಬಿದರೂ ಏಳದಿದ್ದರೆ, ಕೈಯಲ್ಲಿ ಉಳಿಯುವುದು ಯಾರಿಗೋ ಬರೆದ ಕಾಗದದ ಹರಿದ ಚೂರು ಮಾತ್ರ.

ಚೀಟಿಗಳಲ್ಲೂ ಕ್ಯಾಲೆಂಡರುಗಳಲ್ಲೂ ತಪ್ಪದೆ ಕಾಣುವ ಯೆರೆಮೀಯ 29:11 ನಿಜವಾಗಿಯೂ ಒಂದು ಕಾಗದದ ಸಾಲು. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನ ಸೇನೆ ಯೆರೂಸಲೇಮನ್ನು ಹಿಡಿದು ಅರಸನನ್ನೂ ರಾಜಮಾತೆಯನ್ನೂ ಕುಶಲಕರ್ಮಿಗಳನ್ನೂ ಬಾಬೆಲಿಗೆ ಸೆರೆ ಒಯ್ದಿತು. ಊರಲ್ಲೇ ಉಳಿದ ಯೆರೆಮೀಯ ಸೆರೆಹೋದವರಿಗೆ ಬರೆದ ಪತ್ರವಿದು. ದೇವರ ಆಲೋಚನೆ ನಿಮ್ಮ ಕೇಡಿಗಲ್ಲ, ಒಳಿತಿಗೆ ಎಂಬುದು ಹನ್ನೊಂದನೆಯ ವಚನದ ತಾತ್ಪರ್ಯ. ಚೀಟಿಯಲ್ಲಿ ಇಷ್ಟೇ ಇರುತ್ತದೆ. ಅದರ ಹಿಂದಿನ ಹತ್ತನೆಯ ವಚನ ಚೀಟಿಗೆ ಬರುವುದಿಲ್ಲ, ಏಕೆಂದರೆ ಅದರಲ್ಲಿ ಒಂದು ಲೆಕ್ಕವಿದೆ: ಎಪ್ಪತ್ತು ವರ್ಷ. ಅದಕ್ಕೂ ಹಿಂದೆ ಹೋದರೆ ಮನೆ ಕಟ್ಟಿ ವಾಸಿಸಿ, ತೋಟ ಹಾಕಿ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ ಎಂಬ ತೀರಾ ಮನೆವಾರ್ತೆಯ ಸೂಚನೆಗಳು. ಇವತ್ತೋ ನಾಳೆಯೋ ಹೊರಡುವೆವೆಂದು ಗಂಟು ಬಿಚ್ಚದೆ ಕೂತವರಿಗೆ, ಗಂಟು ಬಿಚ್ಚಿ ಎಂದು ಹೇಳಿದ ಪತ್ರ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ. ಇಂದಿನ ಇಂಗ್ಲಿಷಿನಲ್ಲಿ ಒಬ್ಬರಿಗೂ ಹಲವರಿಗೂ ಒಂದೇ ಸರ್ವನಾಮ; ಕನ್ನಡದಲ್ಲಿ ‘ನಿನ್ನ’ ಬೇರೆ, ‘ನಿಮ್ಮ’ ಬೇರೆ. ಕನ್ನಡ ಬೈಬಲು ದೇವರನ್ನೇ ‘ನೀನು’ ಎಂದು ಕರೆಯುವುದರಿಂದ ಈ ‘ನಿಮ್ಮ’ ಗೌರವದ ಮಾತಲ್ಲ, ಬಹುವಚನ. ಒಬ್ಬನ ಕೆಲಸಕ್ಕೋ ಒಬ್ಬಳ ಮದುವೆಗೋ ಕೊಟ್ಟ ಮಾತಲ್ಲ. ಊರು ಕಳೆದುಕೊಂಡ ಇಡೀ ಜನಕ್ಕೆ ಕೊಟ್ಟ ಮಾತು. ಅಷ್ಟೇ ಅಲ್ಲ, ಮೂಲ ಹೀಬ್ರೂವಿನಲ್ಲಿ ಹನ್ನೊಂದನೆಯ ವಚನದ ‘ಒಳಿತು’ ಎಂಬಲ್ಲಿರುವ ಪದ ಶಾಲೋಮ್. ಅದೇ ಪದ ಏಳನೆಯ ವಚನದಲ್ಲಿ ಮೂರು ಸಲ ಬರುತ್ತದೆ. ಅಲ್ಲಿ ಅದು ಸೆರೆ ಹಿಡಿದವರ ಪಟ್ಟಣದ ಶಾಲೋಮ್. ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬುದು ಅಲ್ಲಿನ ಮಾತು. ಶತ್ರುವಿನ ಊರಿನ ನೆಮ್ಮದಿಯನ್ನು ಬದಿಗಿಟ್ಟು ತನ್ನ ನೆಮ್ಮದಿಯನ್ನಷ್ಟೇ ಕತ್ತರಿಸಿಕೊಳ್ಳಲು ಆ ಪತ್ರ ಎಡೆಗೊಡುವುದಿಲ್ಲ. ಚೀಟಿ ಕೊಡುತ್ತದೆ.

ವಚನಗಳಿಗೆ ಅಂಕಿ ಹಾಕಿದ್ದು ಬೈಬಲ್ ಬರೆದವರಲ್ಲ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಸ್ಟೀಫನ್ ಲ್ಯಾಂಗ್‌ಟನ್ ಹೆಸರಿಗೆ ಸಲ್ಲುತ್ತದೆ. ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳು 1551ರಲ್ಲಿ ಮುದ್ರಕ ರಾಬರ್ಟ್ ಎಸ್ಟಿಯೆನ್ ಕೊಟ್ಟವು. ಹುಡುಕಲು ಅನುಕೂಲವಾಯಿತು, ಹರಿಯಲೂ ಅನುಕೂಲವಾಯಿತು.

ಆಳವಾದ ಅಧ್ಯಯನ ಸಭಾಪಾಲಕರ, ದೇವಶಾಸ್ತ್ರ ಓದಿದವರ ಕೆಲಸ ಎನ್ನುವವರಿದ್ದಾರೆ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದ ಬೆರೋಯದವರು ಹಾಗೆ ತಿಳಿಯಲಿಲ್ಲ. ಬೋಧಿಸಿದವನು ಸ್ವತಃ ಪೌಲ. ಆದರೂ ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ಅವರು ಪ್ರತಿದಿನ ಶಾಸ್ತ್ರಗಳನ್ನು ಶೋಧಿಸಿ ನೋಡಿದರು. ಅದನ್ನು ಆ ಗ್ರಂಥ ಉದ್ಧಟತನವೆನ್ನದೆ ಸದ್ಗುಣವೆಂದು ಹೊಗಳುತ್ತದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಕನ್ನಡದಲ್ಲಿ ಓದದವರ ಸಮಾಧಾನಕ್ಕೆ ಬಳಸುವುದೇ ಹೆಚ್ಚು. ಬೆರೋಯದವರ ಪಕ್ಕದಲ್ಲಿಟ್ಟರೆ ಅದರ ಬೇರೆ ಅರ್ಥ ಹೊಳೆಯುತ್ತದೆ: ಓದಿದ್ದು ಒಂದು ಪಾಲಾದರೆ, ಓದಿದ್ದರ ಮೇಲೆ ಬುದ್ಧಿ ಓಡಿಸುವುದು ಮೂರು ಪಾಲು. ದಿನಕ್ಕೆ ನಾಲ್ಕು ಅಧ್ಯಾಯ ಮುಗಿಸಿ ಗುರುತು ಹಾಕುವವರಿಗೆ ಈ ಗಾದೆ ಕೊಂಚ ಕಟುವೇ. ಹಾಗೆಂದು ಎಲ್ಲವೂ ಒಬ್ಬರಿಗೇ ಹೊಳೆಯಬೇಕೆಂದಿಲ್ಲ. ಗಾಜಾದ ದಾರಿಯಲ್ಲಿ ರಥದೊಳಗೆ ಯೆಶಾಯನ ಗ್ರಂಥ ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಗೆ ಅರ್ಥವಾಗಲಿಲ್ಲ; ಅವನು ನಾಚದೆ ಫಿಲಿಪ್ಪನನ್ನು ಹತ್ತಿಸಿಕೊಂಡು ಕೇಳಿದ.

ಕಥೋಲಿಕ ಸಭೆಯಲ್ಲೂ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಎಲ್ಲ ವಿಶ್ವಾಸಿಗಳೂ ಧರ್ಮಗ್ರಂಥವನ್ನು ಆಗಾಗ ಓದಬೇಕೆಂದು ಒತ್ತಿ ಹೇಳಿತು. ಕನ್ನಡನಾಡಿನಲ್ಲಿ ಆ ಆಸೆ ಇನ್ನೂ ಹಳೆಯದು. 19ನೇ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದದ್ದು ಕಪಾಟಿನಲ್ಲಿಡಲಿಕ್ಕಲ್ಲ.

ಅಧ್ಯಯನಕ್ಕೆ ಬೇಕಾದ ಸಾಮಗ್ರಿ ಕಡಿಮೆ: ಒಂದು ಪುಸ್ತಕ, ಒಂದು ಪೆನ್ಸಿಲು, ವಾರಕ್ಕೊಂದು ಸಂಜೆ, ಜೊತೆಗೆ ನಾಲ್ಕು ಜನ. ಯಾರು ಬರೆದರು, ಯಾರಿಗೆ, ಹಿಂದೇನಿದೆ, ಮುಂದೇನಿದೆ ಎಂದು ಕೇಳಿಕೊಳ್ಳುತ್ತ ಹೋದರೆ ಒಂದು ಅಧ್ಯಾಯಕ್ಕೆ ಒಂದು ಸಂಜೆ ಸಾಲುವುದಿಲ್ಲ. ಇಂಥ ಒಂದು ಮನೆಕೂಟದಲ್ಲಿ ಈ ವಾರ ಯೆರೆಮೀಯನ ಪತ್ರವನ್ನು ಮೊದಲಿಂದ ಗಟ್ಟಿಯಾಗಿ ಓದಲಾಯಿತು. ಎಪ್ಪತ್ತು ವರ್ಷ ಎಂದೊಡನೆ ಅಜ್ಜಿಯೊಬ್ಬರು ಬೆರಳು ಮಡಿಚಿ ಎಣಿಸಿ, “ಹಾಗಾದರೆ ಕಾಗದ ಓದಿದ ದೊಡ್ಡವರ್‍ಯಾರೂ ಊರು ನೋಡಲೇ ಇಲ್ವಲ್ಲ” ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೂಟ 30ನೇ ಅಧ್ಯಾಯಕ್ಕೆ ಮುಂದೆ ಹೋಗದೆ 28ಕ್ಕೆ ಹಿಂದೆ ಹೋಯಿತು. ಅಲ್ಲಿ ಹನನ್ಯನೆಂಬವನು ದೇವಾಲಯದಲ್ಲಿ ಜನರೆಲ್ಲರ ಎದುರಿಗೆ ಯೆರೆಮೀಯನ ಕೊರಳಿನ ನೊಗ ತೆಗೆದು ಮುರಿದು, ಎಪ್ಪತ್ತಲ್ಲ, ಎರಡೇ ವರ್ಷದಲ್ಲಿ ಬಿಡುಗಡೆ ಎಂದು ವಾಗ್ದಾನ ಮಾಡುತ್ತಾನೆ.