ಸಹಿ ಹಾಕುವ ಮುನ್ನ ಕಣ್ಣಾರೆ ನೋಡಿ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಭಾಷಣಗಾರ ಅಲ್ಲ, ಎಸ್.ಎಸ್.ಎಲ್.ಸಿ. ಓದಿದ ರೈತ. ಊರಿಗೆ ಬಂದು ಹಸು ಕಟ್ಟುವ ಮುಂಚೆ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದೆ. ಹೆಲ್ಪರ್ ಆಗಿ ಸೇರಿ, ಬಾಯ್ಲರ್ ಪರೀಕ್ಷೆ ಪಾಸು ಮಾಡಿ, ಕೊನೆಗೆ ಯುಟಿಲಿಟಿ ವಿಭಾಗದಲ್ಲಿ ಶಿಫ್ಟ್ ಸೂಪರ್‌ವೈಸರ್ ಆದೆ.

ಯುಟಿಲಿಟಿ ಅಂದರೆ ಕಾರ್ಖಾನೆಯ ಅಡುಗೆಮನೆ ಇದ್ದ ಹಾಗೆ. ಉಗಿ, ತಣ್ಣೀರು, ಒತ್ತಡದ ಗಾಳಿ ಎಲ್ಲ ಅಲ್ಲಿಂದಲೇ. ನಮ್ಮ ಹಾಲು ಹೋಗುವ ಡೇರಿಗಳಲ್ಲೂ ಅಷ್ಟೆ, ಕಾಯಿಸಲು ಬಾಯ್ಲರ್ ಬೇಕು, ತಂಪು ಮಾಡಲು ಅಮೋನಿಯಾ ಯಂತ್ರ ಬೇಕು. ಬಾಯ್ಲರಿನ ಗಾಜಿನಲ್ಲಿ ನೀರಿನ ಮಟ್ಟ ಕಾಣದೆ ಹೋದರೆ ಗಾಬರಿಯಿಂದ ನೀರು ಬಿಡಬಾರದು, ಮೊದಲು ಬೆಂಕಿ ನಿಲ್ಲಿಸಬೇಕು. ಕೆಂಪಗೆ ಕಾದ ಕಬ್ಬಿಣಕ್ಕೆ ನೀರು ಬಿದ್ದರೆ ಬಾಯ್ಲರೇ ಸಿಡಿಯಬಹುದು. ಗಂಟೆಗೊಮ್ಮೆ ಇದನ್ನೆಲ್ಲ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕುವುದೇ ಸೂಪರ್‌ವೈಸರ್ ಕೆಲಸ.

ಒಂದು ರಾತ್ರಿ ನಾನು ತಪ್ಪು ಮಾಡಿದೆ. ಕೊಳೆನೀರಿನ ಟ್ಯಾಂಕ್ ತೊಳೆಯಬೇಕಿತ್ತು. ಒಳಗಿನ ಗಾಳಿ ಪರೀಕ್ಷೆ ಆಗಿದೆಯೋ ಇಲ್ಲವೋ ಹೋಗಿ ನೋಡಲಿಲ್ಲ. ಮೇಲಿನವರ ಅವಸರಕ್ಕೆ ಕೂತಲ್ಲೇ ಪರ್ಮಿಟ್‌ಗೆ ಸಹಿ ಹಾಕಿದೆ. ಇಳಿದ ಹುಡುಗ ಎರಡೇ ನಿಮಿಷಕ್ಕೆ ಕುಸಿದ. ಅವನ ಜೊತೆಗಾರ ಹಾರಲು ಹೋದ. ಹಳೇ ಫಿಟ್ಟರ್ ಒಬ್ಬರು ಅವನ ರಟ್ಟೆ ಹಿಡಿದು, "ಲೇ, ನೀನೂ ಹೆಣ ಆಗ್ತೀಯ" ಅಂದರು. ಬ್ಲೋವರ್ ಇಟ್ಟು ಗಾಳಿ ತುಂಬಿ, ಸೊಂಟದ ಹಗ್ಗ ಹಿಡಿದು ಮೇಲಿಂದಲೇ ಎಳೆದೆವು. ಪುಣ್ಯಕ್ಕೆ ಹುಡುಗ ಉಳಿದ. ಅವನ ತಾಯಿ ಆಸ್ಪತ್ರೆಗೆ ಬಂದು ನನಗೇ ಕೈ ಮುಗಿದರು. ಆ ಕೈ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

1984ರ ಡಿಸೆಂಬರಿನಲ್ಲಿ ಭೋಪಾಲಿನಲ್ಲಿ ಸಾವಿರಾರು ಜನ ಸತ್ತದ್ದು ನಿಮಗೆ ಗೊತ್ತು. ಅಲ್ಲಿ ವಿಷದ ಟ್ಯಾಂಕಿಗೆ ನೀರು ಸೇರಿತು. ಅದನ್ನು ತಂಪಾಗಿಡುವ ಯಂತ್ರ ಮೊದಲೇ ನಿಂತಿತ್ತು, ಸೋರಿದ ಅನಿಲ ಸುಡುವ ಕೊಳವೆ ಕಳಚಿತ್ತು. ರಕ್ಷಣೆಯ ಸಾಧನ ಇತ್ತು, ಕೆಲಸಕ್ಕೆ ಬರಲಿಲ್ಲ.

ನಮ್ಮೂರಲ್ಲೂ ಗೋಬರ್ ಗ್ಯಾಸ್ ಗುಂಡಿ ಇವೆ, ಹಾಳು ಬಾವಿ ಇವೆ. ಹಿರಿಯರು ಬಾವಿಗೆ ದೀಪ ಇಳಿಸಿ ನೋಡುತ್ತಿದ್ದರು. ದೀಪ ಉರಿಯಿತು ಅಂತ ನಂಬಬೇಡಿ, ಎಲ್ಲ ವಿಷಗಾಳಿಯೂ ದೀಪಕ್ಕೆ ಗೊತ್ತಾಗುವುದಿಲ್ಲ. ಗ್ಯಾಸ್ ಗುಂಡಿ ಹತ್ತಿರವಂತೂ ಬೆಂಕಿ ತರಲೇಬೇಡಿ. ಒಬ್ಬರು ಒಳಗೆ ಬಿದ್ದರೆ ಅಣ್ಣ, ತಮ್ಮ ಅಂತ ಹಿಂದೆಯೇ ಇಳಿಯಬೇಡಿ. ಫೈರ್ ಸ್ಟೇಷನ್ನಿಗೆ ಫೋನ್ ಮಾಡಿ.

ನಿರ್ದೇಶಕನಾದ ಮೇಲೂ ನನ್ನ ಮುಂದೆ ಪುಸ್ತಕ ಬರುತ್ತದೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಬಟವಾಡೆ ಎಷ್ಟು ಅಂತ ನೋಡದೆ ಪೆನ್ನು ಎತ್ತುವುದಿಲ್ಲ. ಕೆಲವರಿಗೆ ಇದು ಕಿರಿಕಿರಿ. ಆದರೆ ಇಪ್ಪತ್ತೈದು ವರ್ಷ ಈ ಸಂಘ ನಿಂತಿರುವುದು ನಿಮ್ಮ ನಂಬಿಕೆ ಮೇಲೆ. ನೋಡದೆ ಹಾಕಿದ ಒಂದು ಸಹಿ ಅದನ್ನು ಕೆಡಿಸಬಾರದು.