ರೋಗವನ್ನು ಮರೆಮಾಡದಿರಿ



ಇಂಗ್ಲೆಂಡಿನ ಲೀಡ್ಸ್ ನಗರದ ತಂಡಕ್ಕಾಗಿ ಆಡುತ್ತಿದ್ದ ರಾಬ್ ಬರೋ ಎಂಬ ರಗ್ಬಿ ಆಟಗಾರರ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ರಗ್ಬಿಯು ಚೆಂಡನ್ನು ಹಿಡಿದು ಓಡುವ ಆಟ. ಓಡುವವನನ್ನು ಎದುರಾಳಿಗಳು ನಮ್ಮ ಕಬಡ್ಡಿಯಲ್ಲಿಯಂತೆ ಹಿಡಿದು ಕೆಡಹುವರು. ದೃಢಕಾಯರ ಆ ಆಟದಲ್ಲಿ ರಾಬ್ ಅವರ ಎತ್ತರ ಕೇವಲ 5 ಅಡಿ 5 ಅಂಗುಲ. ಆದರೂ 2001ರಿಂದ 2017ರವರೆಗೆ ಆಡಿ, ತಂಡದೊಡನೆ 8 ಬಾರಿ ಲೀಗ್ ಪ್ರಶಸ್ತಿಯನ್ನು ಗಳಿಸಿದರು.

2019ರ ಡಿಸೆಂಬರಿನಲ್ಲಿ, 37ನೆಯ ವಯಸ್ಸಿನಲ್ಲಿ, ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಇರುವುದು ತಿಳಿದುಬಂದಿತು. ಆಗ ಅವರು ಮೂವರು ಎಳೆಯ ಮಕ್ಕಳ ತಂದೆ. ಮಿದುಳು ಹಾಗೂ ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆಯನ್ನೊಯ್ಯುವ ನರಕೋಶಗಳು ಈ ರೋಗದಲ್ಲಿ ನಶಿಸುತ್ತವೆ. ಕೈಕಾಲು ಸೊರಗುತ್ತವೆ, ಮಾತು, ನುಂಗುವಿಕೆ, ಕಡೆಗೆ ಉಸಿರಾಟವೂ ಕುಂದುತ್ತವೆ. ಇದನ್ನು ಗುಣಪಡಿಸುವ ಔಷಧವಿನ್ನೂ ದೊರೆತಿಲ್ಲ.

ರಾಬ್ ರೋಗವನ್ನು ಬಚ್ಚಿಡಲಿಲ್ಲ. ಮಾತು ನಿಂತ ಮೇಲೂ, ಕಣ್ಣಿನ ಚಲನೆಯಿಂದ ನಡೆಯುವ ಯಂತ್ರದ ಮೂಲಕ ಜನರಿಗೆ ಅರಿವು ಮೂಡಿಸಿದರು. ಪತ್ನಿ ಲಿಂಡ್ಸೆ ಅವರಿಗೆ ಆಸರೆಯಾದರು. ಗೆಳೆಯ ಕೆವಿನ್ ಸಿನ್‌ಫೀಲ್ಡ್ 2020ರಲ್ಲಿ 7 ದಿನಗಳಲ್ಲಿ 7 ಮ್ಯಾರಥಾನ್ ಓಡಿ ನಿಧಿ ಸಂಗ್ರಹಿಸಿದರು. 2023ರ ಮೇ ತಿಂಗಳಿನಲ್ಲಿ ರಾಬ್ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳುತ್ತ 42 ಕಿಲೋಮೀಟರ್ ಓಡಿ, ಕೊನೆಯ ಗೆರೆಯನ್ನು ತೋಳುಗಳಲ್ಲೆತ್ತಿಕೊಂಡೇ ದಾಟಿಸಿದರು. 2024ರ ಜೂನ್ 2ರಂದು, 41ನೆಯ ವಯಸ್ಸಿನಲ್ಲಿ, ರಾಬ್ ನಿಧನರಾದರು. ಮರುದಿನವೇ ಲೀಡ್ಸ್‌ನಲ್ಲಿ ಅವರ ಹೆಸರಿನ ಚಿಕಿತ್ಸಾ ಕೇಂದ್ರದ ನಿರ್ಮಾಣಕಾರ್ಯ ಆರಂಭವಾಯಿತು.

ಈ ಕಾಯಿಲೆ ನಮ್ಮ ನಾಡಿನಲ್ಲಿಯೂ ಉಂಟು. ಇದು ಶಾಪವಲ್ಲ, ಸೋಂಕೂ ಅಲ್ಲ. ರೋಗಿಯೊಡನೆ ಕುಳಿತು ಉಣ್ಣಲು ಅಂಜಬೇಕಾಗಿಲ್ಲ. ಹಿಡಿದ ಕುಡುಗೋಲು ಜಾರುತ್ತಿದ್ದರೆ, ನಡೆಯುವಾಗ ಕಾಲು ಎಡವುತ್ತಿದ್ದರೆ, ನಾಲಿಗೆ ತೊದಲುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಇಂಥ ಲಕ್ಷಣಗಳೆಲ್ಲವೂ ಇದೇ ರೋಗದವಲ್ಲ. ಗುಣವಾಗುವ ಕಾರಣಗಳೂ ಇರಬಹುದು. ಅಗತ್ಯವಿದ್ದರೆ ವೈದ್ಯರು ಬೆಂಗಳೂರಿನ ನಿಮ್ಹಾನ್ಸ್‌ನಂಥ ನರರೋಗ ಆಸ್ಪತ್ರೆಗೆ ಕಳುಹಿಸುವರು.

ರೋಗಿಗೆ ನೆಟ್ಟಗೆ ಕುಳ್ಳಿರಿಸಿ ಮೆತ್ತನೆಯ ಆಹಾರವನ್ನು ನಿಧಾನವಾಗಿ ಉಣಿಸಿರಿ. ದೇಹ ಕುಂದಿದರೂ ಬಹುಮಂದಿಯ ಬುದ್ಧಿ ತಿಳಿಯಾಗಿಯೇ ಇರುತ್ತದೆ. ಆದುದರಿಂದ ಮನೆಯ ಮಾತುಕತೆಯಲ್ಲಿ ಅವರನ್ನೂ ಸೇರಿಸಿಕೊಳ್ಳಿರಿ. ಆರೈಕೆಯ ಹೊರೆಯನ್ನೆಲ್ಲ ಹೆಂಡತಿಯ ಮೇಲೆಯೇ ಹೊರಿಸದೆ ಮನೆಮಂದಿ ಹಂಚಿಕೊಳ್ಳಿರಿ. ರೋಗಿ ಹೆಂಡತಿಯಾದರೆ ಗಂಡನೇ ಮುಂದಾಗಲಿ. ನೆರೆಹೊರೆಯವರು ದಿನಕ್ಕೊಂದು ಗಳಿಗೆ ಕೈಗೂಡಿಸಿದರೂ ಆ ಮನೆಗೆ ಅದು ದೊಡ್ಡ ಆಸರೆ.