ಸೆರೆಮನೆಯ ಕಥೆ ಮತ್ತು ನೋಡುಗರ ತೀರ್ಪು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಾಹಿತ್ಯವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಾನು ರನ್ನನನ್ನೋ ಹರಿಹರನನ್ನೋ ಎತ್ತಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡಿರುವುದು ‘ಪ್ರಿಸನ್ ಬ್ರೇಕ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯನ್ನು. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೂವರು ಹಳೆಯ ವಿದ್ಯಾರ್ಥಿಗಳು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅದರ ಗುಣದೋಷಗಳನ್ನು ಕುರಿತು ವಾದಿಸಿದರು. ಕಥೆಯನ್ನು ಅವರು ನೋಡಿದ್ದು ಇಂಗ್ಲಿಷಿನಲ್ಲಿ. ತೀರ್ಪು ಹೇಳಿದ್ದು ಕನ್ನಡದಲ್ಲಿ. ತರಗತಿಯಲ್ಲಿ ನಾನು ಎಷ್ಟು ಹೇಳಿದರೂ ಅವರ ಮನಸ್ಸಿಗೆ ತಾಗದಿದ್ದ ಔಚಿತ್ಯವಿಚಾರವು ಅಲ್ಲಿ ತಾನಾಗಿಯೇ ಅರಳಿದುದನ್ನು ಕಂಡು ಬೆರಗಾದೆನು. ಆಮೇಲೆ ನಾನೂ ಅದನ್ನು ಆದ್ಯಂತವಾಗಿ ನೋಡಿದೆನು.

ಪಾಲ್ ಶೂರಿಂಗ್ ಎಂಬವರು ರೂಪಿಸಿದ ಈ ಕಥೆಯು 2005ರಲ್ಲಿ ಫಾಕ್ಸ್ ವಾಹಿನಿಯಲ್ಲಿ ಆರಂಭವಾಯಿತು. ಉಪರಾಷ್ಟ್ರಪತಿಯ ಸೋದರನನ್ನು ಕೊಂದನೆಂಬ ಸುಳ್ಳು ಆಪಾದನೆಯಿಂದ ಅಣ್ಣ ಲಿಂಕನ್‌ನಿಗೆ ಮರಣದಂಡನೆ ವಿಧಿಸಲಾಗಿದೆ. ತಮ್ಮ ಮೈಕೆಲ್ ಕಟ್ಟಡಗಳ ಇಂಜಿನಿಯರು. ಅವನು ಬೇಕೆಂದೇ ಬ್ಯಾಂಕಿನ ದರೋಡೆಗೆ ಇಳಿದು, ಸಿಕ್ಕಿಬಿದ್ದು, ಅಣ್ಣನಿರುವ ಸೆರೆಮನೆಯನ್ನೇ ಸೇರುತ್ತಾನೆ. ಆ ಸೆರೆಮನೆಯ ನಕ್ಷೆಯು ಹಚ್ಚೆಯ ಚಿತ್ರಗಳಲ್ಲಿ ಅಡಗಿ ಅವನ ಮೈಮೇಲೆಯೇ ಇದೆ. ಇಲಿನಾಯ್ ರಾಜ್ಯದ ಜೋಲಿಯೆಟ್ಟಿನಲ್ಲಿ 1858ರಲ್ಲಿ ತೆರೆದು 2002ರಲ್ಲಿ ಮುಚ್ಚಿದ ನಿಜವಾದ ಸೆರೆಮನೆಯೊಂದರಲ್ಲಿ ಮೊದಲ ಭಾಗದ ಚಿತ್ರೀಕರಣ ನಡೆಯಿತು.

ಮೊದಲ ಭಾಗದ ಬರವಣಿಗೆಯೇ ಶ್ರೇಷ್ಠವೆಂದು ಬಹುಮಂದಿ ನೋಡುಗರು ಹೇಳುತ್ತಾರೆ. ಕಾರಣ ಸ್ಪಷ್ಟವಾಗಿದೆ. ದಂಡನೆಯ ದಿನ ಗೊತ್ತಾಗಿದೆ. ಕೈದಿಗಳ ಎಣಿಕೆಯ ಹೊತ್ತು ಗೊತ್ತಾಗಿದೆ. ಒಂದು ತಿರುಪುಮೊಳೆ ದೊರೆತರೂ ಅದಕ್ಕೆ ಕಥೆಯಲ್ಲಿ ಕೆಲಸವಿದೆ. ರನ್ನನು ಗದಾಯುದ್ಧದಲ್ಲಿ ಭಾರತದ ಕಡೆಯ ಕಾಳಗವನ್ನು ಹಿಡಿದು ಹಿಂದಿನ ಸಂಗತಿಗಳನ್ನು ಸಿಂಹಾವಲೋಕನ ಕ್ರಮದಿಂದ ತಂದುದು ನಮಗೆ ತಿಳಿದಿದೆ. ಇಲ್ಲಿಯೂ 16ನೆಯ ಕಂತು ಮೂರು ವರ್ಷ ಹಿಂದಕ್ಕೆ ಸರಿದು, ಒಬ್ಬೊಬ್ಬನೂ ಈ ಗೋಡೆಯೊಳಕ್ಕೆ ಬಂದ ಬಗೆಯನ್ನು ಹೇಳುತ್ತದೆ.

ಆದರೆ ಮೊದಲು 13 ಕಂತುಗಳೆಂದು ಯೋಜಿಸಿದ್ದ ಈ ಭಾಗವು ಜನಪ್ರಿಯತೆಯಿಂದಾಗಿ 22 ಕಂತುಗಳಿಗೆ ಬೆಳೆಯಿತು. 13ನೆಯ ಕಂತಿನ ಕೊನೆಯಲ್ಲಿ, ಒಡೆಯಬೇಕಾಗಿದ್ದ ತುಕ್ಕುಹಿಡಿದ ಕೊಳವೆಯ ಜಾಗದಲ್ಲಿ ಗಟ್ಟಿಯಾದ ಹೊಸ ಕೊಳವೆ ಬಂದು ಕುಳಿತಿರುತ್ತದೆ. ನಮ್ಮ ಹುಡುಗರಲ್ಲಿ ಒಬ್ಬನು, “ಅದು ವಿಧಿಯ ಆಟ” ಎಂದನು. ಇನ್ನೊಬ್ಬನು, “ವಿಧಿಯದಲ್ಲ, ಕಥೆಯನ್ನು ಎಳೆಯುವವರ ಆಟ” ಎಂದನು. ನನಗೆ ಮೊದಲನೆಯವನ ಮಾತು ಸರಿ ತೋರಿತು. ಹಳೆಯ ಕಟ್ಟಡದಲ್ಲಿ ರಿಪೇರಿ ನಡೆಯುವುದು ಸಹಜವಷ್ಟೆ.

ಗೋಡೆಯನ್ನು ದಾಟಿದ ಮೇಲೆ ಬರವಣಿಗೆಗೂ ಕಟ್ಟು ತಪ್ಪಿತೆಂಬುದು ನೋಡುಗರ ಮುಖ್ಯವಾದ ಆಕ್ಷೇಪ. ಎರಡನೆಯ ಭಾಗದ ಬೆನ್ನಟ್ಟುವಿಕೆಯನ್ನು ಅನೇಕರು ಮೆಚ್ಚುತ್ತಾರೆ. ಮೂರನೆಯದರಲ್ಲಿ ಪನಾಮಾ ದೇಶದ ಮತ್ತೊಂದು ಸೆರೆಮನೆ, ಮತ್ತೊಂದು ಪಲಾಯನ. ಅಮೆರಿಕದ ಲೇಖಕರ ಮುಷ್ಕರವು 2007ರ ನವೆಂಬರಿನಲ್ಲಿ ಆರಂಭವಾದುದರಿಂದ ಅದು 13 ಕಂತುಗಳಿಗೇ ನಿಂತಿತು. ನಾಲ್ಕನೆಯ ಭಾಗದಲ್ಲಿ ಒಳಸಂಚಿನೊಳಗೊಂದು ಒಳಸಂಚು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರನೆಯ ಭಾಗದಲ್ಲಿ ಮೈಕೆಲನು ಪ್ರೀತಿಸಿದ ವೈದ್ಯೆ ಸಾರಾಳ ಕಡಿದ ತಲೆಯನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಾರೆ. ನೋಡುಗರು ಬಹಳವಾಗಿ ಪ್ರತಿಭಟಿಸಿದರು. 2008ರ ನಾಲ್ಕನೆಯ ಭಾಗದಲ್ಲಿ, ಆ ತಲೆ ಬೇರೊಬ್ಬಳದೆಂದು ಹೇಳಿ ಅವಳನ್ನು ಮರಳಿ ತಂದರು. 2009ರಲ್ಲಿ ಮೈಕೆಲನ ಸಮಾಧಿಯನ್ನು ತೋರಿಸಿ ಕಥೆಯನ್ನು ಮುಗಿಸಿದ್ದರು. 2017ರ ಒಂಬತ್ತು ಕಂತುಗಳಲ್ಲಿ ಅವನೂ ಯೆಮನ್ ದೇಶದ ಸೆರೆಮನೆಯಲ್ಲಿ ಜೀವಂತನಾಗಿ ಕಾಣಿಸಿಕೊಂಡನು.

ಆ ದಿನ ಮೂರನೆಯ ಹುಡುಗನು ಹೇಳಿದ ಮಾತು ಇದು: “ಮಾಷ್ಟ್ರೆ, ಆ ಹಚ್ಚೆಯನ್ನು ನಾನು ನಂಬಿದೆ. ಸತ್ತವಳು ಬಂದದ್ದನ್ನು ಮಾತ್ರ ನಂಬಲಿಕ್ಕೆ ಆಗಲಿಲ್ಲ.” ಸೆರೆಮನೆಯ ನಕ್ಷೆಯನ್ನೆಲ್ಲ ಮೈಮೇಲೆ ಬರೆಸಿಕೊಳ್ಳುವುದು ಲೋಕದಲ್ಲಿ ನಡೆಯುವ ಸಂಗತಿಯೇ? ಆದರೂ ನೋಡುಗನು ಅದನ್ನು ಒಪ್ಪುತ್ತಾನೆ. ಏಕೆಂದರೆ ಕಥೆಯು ಆರಂಭದಲ್ಲಿಯೇ ಅದನ್ನು ತನ್ನ ನಿಯಮವೆಂದು ಸಾರಿದೆ. ಸಾವು ಸಾವೇ ಎಂಬುದೂ ಅದೇ ಕಥೆಯ ನಿಯಮ. ಅಣ್ಣನ ಸಾವು ತಪ್ಪಬೇಕೆಂದಲ್ಲವೇ ಇಷ್ಟೆಲ್ಲ ನಡೆದುದು? ಸತ್ತವರು ಮರಳಬಹುದಾದರೆ ಆ ಮರಣದಂಡನೆಗೇ ಭಯವುಳಿಯದು. ಸಹೃದಯನು ಅಸಂಭವವನ್ನು ಸಹಿಸುತ್ತಾನೆ. ಕೊಟ್ಟ ಮಾತಿಗೆ ತಪ್ಪಿದ ಕಥೆಯನ್ನು ಸಹಿಸುವುದಿಲ್ಲ.

ನಾಲ್ಕನೆಯ ಭಾಗದಲ್ಲಿಯೂ ಮಾತಿಗೆ ತಪ್ಪದ ಸ್ಥಳವುಂಟು. ಕೈದಿಗಳನ್ನು ಪೀಡಿಸಿದ ಕಾವಲುಗಾರ ಬೆಲಿಕ್ ತಾನೇ ಕೈದಿಯಾಗಿ, ಕಡೆಗೆ ಸಂಗಡಿಗರಿಗಾಗಿ ಭಾರವಾದ ಕೊಳವೆಯನ್ನು ಎತ್ತಿಹಿಡಿದು ನೀರಿನಲ್ಲಿ ಪ್ರಾಣ ಬಿಡುತ್ತಾನೆ. ಅವನು ಮರಳಿ ಬರಲಿಲ್ಲ. ಅವನನ್ನು ದ್ವೇಷಿಸಿದವರೂ ಆ ಸಾವಿಗೆ ಮರುಗಿದರು.

ನನ್ನದೊಂದು ತಪ್ಪೊಪ್ಪಿಗೆಯುಂಟು. ಸಾರಾ ಮರಳಿ ಬಂದಾಗ ನಾನು ಸಂತೋಷಪಟ್ಟೆನು. ಮರುದಿನ ಯೋಚಿಸಿದಾಗ, ಹಿಂದಿನ ಭಾಗದಲ್ಲಿ ನಾನು ಪಟ್ಟ ದುಃಖವು ಪೊಳ್ಳಾಯಿತೆಂದು ಖೇದವಾಯಿತು. ಆದುದರಿಂದ ತಪ್ಪು ಬರೆದವರದೊಂದೇ ಅಲ್ಲ. ಕಥೆ ಮುಗಿಯಬಾರದೆಂದು ಬೇಡಿದವರೂ ನಾವೇ, ಅದು ಕೆಟ್ಟಿತೆಂದು ದೂರಿದವರೂ ನಾವೇ. ಮೆಚ್ಚಿದ ಕಥೆಗೆ ಮುಗಿಯುವ ಹಕ್ಕನ್ನು ಬಿಟ್ಟುಕೊಡುವುದು ಸಹೃದಯನ ಕರ್ತವ್ಯ.

ನಮ್ಮ ಮಕ್ಕಳು ಏನನ್ನು ನೋಡುತ್ತಾರೆಂದು ಕೊರಗುವ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ನೋಡಿ ಏನು ಹೇಳುತ್ತಾರೆಂಬುದನ್ನೂ ಒಮ್ಮೆ ಜಗಲಿಯಲ್ಲಿ ಕುಳಿತು ಕೇಳಿರಿ.